ಊರಿನ ಬೋರ್ ನೀರಲ್ಲಿ ಆರ್ಸೆನಿಕ್ ಸ್ವಲ್ಪವೇ ಇದೆಯಂತೆ, ಕುದಿಸಿ ಕುಡಿದರೆ ನಡೆಯುತ್ತಾ?

ನೀವು ಪುಣೆಯಲ್ಲಿ, ತಂದೆ ತಾಯಿ ಸುರಪುರದ ಕಡೆ, ನೀರಿನ ರಿಪೋರ್ಟಲ್ಲಿ ಆರ್ಸೆನಿಕ್ ಅನ್ನೋ ವಿಷ ಲೀಟರಿಗೆ 40 ಮೈಕ್ರೋಗ್ರಾಂ. ನಮ್ಮ ಮನೆ ಕಥೆಯೂ ಇದೇ.

ಅಪ್ಪನ ಅಂಗೈ, ಅಂಗಾಲಲ್ಲಿ ಜೋಳದ ಕಾಳಿನಷ್ಟು ಗಟ್ಟಿ ಗಂಟುಗಳಿದ್ದವು. ಹೊಲದಲ್ಲಿ ದುಡಿಯುವ ಕೈ, ಹಾಗೇ ಇರುತ್ತೆ ಅಂದುಕೊಂಡಿದ್ದೆವು. ಎದೆ ಮೇಲೆ ಕಪ್ಪು ಚುಕ್ಕೆ, ನಡುನಡುವೆ ಬಿಳಿ ಚುಕ್ಕೆ. ಪುಣೆಯ ಹಡಪ್ಸರದ ನಮ್ಮ ಮನೆಗೆ ಬಂದಿದ್ದಾಗ ಚರ್ಮದ ಡಾಕ್ಟರಿಗೆ ತೋರಿಸಿದೆವು. ಅವರು ಅಂಗಾಲು ನೋಡಿದ ತಕ್ಷಣ ಕೇಳಿದ್ದು, "ಯಾವ ನೀರು ಕುಡಿತೀರಿ?"

ಅದಕ್ಕೂ ಮೊದಲು ನಮ್ಮನ್ನು ದಾರಿ ತಪ್ಪಿಸಿದ್ದು ಟಿಡಿಎಸ್ ಮೀಟರ್. ಪುಣೆಯಲ್ಲೇ ಕೊಂಡು ಊರಿಗೆ ಒಯ್ದು ಬೋರ್ ನೀರಲ್ಲಿ ಅದ್ದಿದೆ, 300ರ ಆಸುಪಾಸು ತೋರಿಸಿತು. ಒಳ್ಳೆ ನೀರು, ಧೈರ್ಯವಾಗಿ ಕುಡೀರಿ ಅಂತ ನಾನೇ ಹೇಳಿದೆ. ಆ ಮೀಟರ್ ನೀರಲ್ಲಿ ಕರಗಿರುವ ಎಲ್ಲ ಲವಣಗಳ ಅಂದಾಜನ್ನು ಒಟ್ಟಿಗೆ ಮಿಲಿಗ್ರಾಂ ಲೆಕ್ಕದಲ್ಲಿ ಕೊಡುತ್ತೆ. 40 ಮೈಕ್ರೋಗ್ರಾಂ ಅಂದರೆ 0.04 ಮಿಲಿಗ್ರಾಂ. 300ರಲ್ಲಿ ಅದು ಎಲ್ಲಿ ಕಾಣಬೇಕು? ರುಚಿ ಇಲ್ಲ, ವಾಸನೆ ಇಲ್ಲ, ಬಣ್ಣ ಇಲ್ಲ. ನನ್ನ ಮಾತು ನಂಬಿ ಅಪ್ಪ ಇನ್ನೂ ಕೆಲವು ವರ್ಷ ಅದೇ ನೀರು ಕುಡಿದರು, ಅದರಲ್ಲೇ ಅನ್ನ ಬೇಯಿತು. ಅವ್ವ ಕುದಿಸುತ್ತಿದ್ದಳು ಬೇರೆ. ಕುದಿಸಿದರೆ ಆವಿಯಾಗಿ ಹೋಗೋದು ನೀರು, ಆರ್ಸೆನಿಕ್ ಅಲ್ಲೇ ಉಳಿದು, ಉಳಿದ ನೀರಲ್ಲಿ ಅದರ ಪ್ರಮಾಣ ಇನ್ನಷ್ಟು ಹೆಚ್ಚುತ್ತೆ. ಯುವಿ ಫಿಲ್ಟರ್ ಕ್ರಿಮಿ ಕೊಲ್ಲುತ್ತೆ, ಇದನ್ನು ಮುಟ್ಟಲ್ಲ.

ಆ ಭಾಗಕ್ಕೆ ಇದು ಹೊಸದಲ್ಲ. ರಾಯಚೂರು ಜಿಲ್ಲೆಯ ಹಟ್ಟಿ ಚಿನ್ನದ ಗಣಿಯ ಬಂಡೆಯಲ್ಲೇ ಆರ್ಸೆನಿಕ್ ಇರುವ ಖನಿಜವೂ ಇದೆ. ನಿಮ್ಮದೇ ತಾಲ್ಲೂಕಿನ ಕಿರದಳ್ಳಿ ತಾಂಡಾದಲ್ಲಿ ಜನ ಇದೇ ಚರ್ಮದ ಕಾಯಿಲೆಯಿಂದ ನರಳಿದ್ದಾರೆ.

ಹಾಗಾಗಿ "ಸ್ವಲ್ಪವೇ" ಅನ್ನೋದನ್ನು ನಾನು ಒಪ್ಪಲ್ಲ. ಭಾರತದ ಮಿತಿ 10 ಮೈಕ್ರೋಗ್ರಾಂ, ನಿಮ್ಮದು ಅದರ 4 ಪಟ್ಟು. 50ರವರೆಗೆ ಪರವಾಗಿಲ್ಲ ಅಂತ ಯಾರಾದರೂ ಹೇಳಿದರೆ ಅದು ಹಳೇ ಲೆಕ್ಕ. ಚರ್ಮದ ಮೇಲೆ ಕಾಣೋಕೆ 5 ವರ್ಷವೋ ಇನ್ನೂ ಜಾಸ್ತಿಯೋ ಹಿಡಿಯಬಹುದು. ಚರ್ಮ, ಶ್ವಾಸಕೋಶ, ಮೂತ್ರಕೋಶದ ಕ್ಯಾನ್ಸರ್, ಹೃದಯದ ತೊಂದರೆ ಇದರ ಜೊತೆ ಬರಬಹುದಾದವು.

ಯಾವ ಫಿಲ್ಟರ್ ಅಂತಲೂ ಕೇಳಿದ್ದೀರಿ. ಫಿಲ್ಟರ್ ಆಮೇಲೆ, ಮೊದಲು ನೀರಿನ ಮೂಲ ಬದಲಿಸಿ. ಕೃಷ್ಣಾ ನದಿ ನೀರಿನ ನಲ್ಲಿ ಹತ್ತಿರದಲ್ಲಿದ್ದರೆ ಕುಡಿಯೋಕೆ, ಅಡುಗೆಗೆ ಅದನ್ನೇ ತರಿಸಿ. ಸ್ನಾನ, ಬಟ್ಟೆಗೆ ಬೋರ್ ನೀರು ಇರಲಿ, ಚರ್ಮದ ಮೂಲಕ ಒಳಗೆ ಹೋಗೋದು ತುಂಬಾ ಕಡಿಮೆ. ಬೇರೆ ದಾರಿಯೇ ಇಲ್ಲದಿದ್ದರೆ ಆರ್‌ಒ ಹಾಕಿಸಿ, ಆದರೆ ಅದರಿಂದ ಬಂದ ನೀರನ್ನೂ ಲ್ಯಾಬಿಗೆ ಕೊಟ್ಟು ಆರ್ಸೆನಿಕ್ ಟೆಸ್ಟ್ ಅಂತ ಹೆಸರು ಹಿಡಿದೇ ಕೇಳಿ. ತಂದೆಯವರ ಅಂಗೈ ಅಂಗಾಲು ಡಾಕ್ಟರಿಗೆ ತೋರಿಸಿ. ಅವರು ಬೀಡಿ ಸೇದುತ್ತಿದ್ದರೆ ಹೇಗಾದರೂ ಬಿಡಿಸಿ, ಈ ನೀರಿನ ಜೊತೆ ಹೊಗೆ ಸೇರಿದರೆ ಶ್ವಾಸಕೋಶಕ್ಕೆ ಅಪಾಯ ಇನ್ನೂ ಜಾಸ್ತಿ.