ಬಸ್ ಬೇಗ ಬಿಟ್ಟಂತಾಗುತ್ತದೆ

ನಾವಿಬ್ಬರೂ ಚೆನ್ನಾಗಿದ್ದೀವಿ, ಮಗುವಿಗೆ ಮಾತ್ರ ಬಿಯುಬಿ1ಬಿ ಜೀನಿನ ಎಂವಿಎ ಸಿಂಡ್ರೋಮ್ (ಹಲವು ಜೀವಕೋಶಗಳಲ್ಲಿ ಕ್ರೋಮೋಸೋಮುಗಳ, ಅಂದರೆ ಜೀನುಗಳನ್ನು ಹೊತ್ತ ಎಳೆಗಳ, ಲೆಕ್ಕ ತಪ್ಪುವ ಹುಟ್ಟು ಕಾಯಿಲೆ) ಹೇಗೆ ಬಂತು ಅಂತ ಕೇಳಿದ್ದೀರಿ. ಸಾಮಾನ್ಯವಾಗಿ ತಂದೆ, ತಾಯಿ ಇಬ್ಬರಲ್ಲೂ ಆ ಜೀನಿನ ಒಂದೊಂದು ಪ್ರತಿ ಕೆಟ್ಟಿರುತ್ತದೆ, ಇನ್ನೊಂದು ಕೆಲಸ ತೂಗಿಸಿಕೊಂಡು ಹೋಗುತ್ತದೆ. ಎರಡೂ ಕೆಟ್ಟ ಪ್ರತಿಗಳೇ ಮಗುವಿಗೆ ಬರುವ ಸಾಧ್ಯತೆ ಪ್ರತಿ ಬಸಿರಿನಲ್ಲೂ 25%. ಇದರಲ್ಲಿ ನಿಮ್ಮ ತಪ್ಪಿಲ್ಲ, ದಯವಿಟ್ಟು ಹಾಗೆ ಅಂದುಕೊಳ್ಳಬೇಡಿ.

ಈ ಜೀನ್ ಮಾಡುವ ಪ್ರೋಟೀನ್ ಬಸ್ ಕಂಡಕ್ಟರ್ ಇದ್ದ ಹಾಗೆ. ಜೀವಕೋಶ ಎರಡಾಗುವಾಗ ಕ್ರೋಮೋಸೋಮುಗಳನ್ನು ಎರಡೂ ಕಡೆಯಿಂದ ಎಳೆಗಳು ಹಿಡಿಯಬೇಕು, ಕೊನೆಯದೊಂದು ಸಿಗುವವರೆಗೂ ಇದು "ರೈಟ್ ರೈಟ್" ಅನ್ನುವುದಿಲ್ಲ. ಅದೇ ಸೊರಗಿದರೆ ತಲಾ 46ರ ಬದಲು ಒಂದು ಕೋಶಕ್ಕೆ 47, ಇನ್ನೊಂದಕ್ಕೆ 45 ಹೋಗಿಬಿಡುತ್ತವೆ. ಇಂಥ ಕೋಶಗಳು ಜಾಸ್ತಿಯಾದಾಗ ಮೂತ್ರಪಿಂಡದ ವಿಲ್ಮ್ಸ್ ಗಡ್ಡೆಯಂಥ ಕ್ಯಾನ್ಸರಿನ ಭಯ ಎಳೆ ವಯಸ್ಸಿನಲ್ಲೇ ಇರುತ್ತದೆ. ಆಗಾಗ ಹೊಟ್ಟೆ ಸ್ಕ್ಯಾನ್ ಎಷ್ಟು ದಿನಕ್ಕೊಮ್ಮೆ ಬೇಕು ಅಂತ ಡಾಕ್ಟರನ್ನು ಈಗಲೇ ಕೇಳಿ.