ಊಟಿಯಲ್ಲಿ ಕುದುರೆ ಹತ್ತಿದ ಅನುಭವವಿದ್ದರೆ ಯೂಟಾದ ಕಣಿವೆಗಳಲ್ಲಿ ಐದು ದಿನದ ಸವಾರಿ ಸಾಧ್ಯವೇ? ಯಾವ ಕಣಿವೆ ಹೆಚ್ಚು ಸುಂದರ? ಕ್ಯಾಮೆರಾ ಯಾವುದು ಒಯ್ಯಲಿ?

ಊಟಿ ಕೆರೆಯ ಪಕ್ಕ ಹತ್ತು ನಿಮಿಷ ಕುದುರೆಯ ಮೇಲೆ ಕೂತದ್ದನ್ನು ನಾನೂ ಅರ್ಜಿಯಲ್ಲಿ ‘ಮಧ್ಯಮ ಅನುಭವ’ ಎಂದೇ ತುಂಬಿದ್ದೆ. ನಿಮ್ಮ ಪ್ರಶ್ನೆ ಓದಿ ನಗು ಬಂತು. ಎಡ ಮಂಡಿಯಲ್ಲಿ ಚಳುಕು ಹೊಡೆದಂತೆಯೂ ಆಯಿತು.

ಆಗ ಅಮೆರಿಕದ ಅರಿಜೋನಾ ರಾಜ್ಯದಲ್ಲಿ, ಫೀನಿಕ್ಸ್ ಪಕ್ಕದ ಚಾಂಡ್ಲರ್‌ನಲ್ಲಿದ್ದೆ. ಅಕ್ಟೋಬರ್ ತಿಂಗಳು. ಕಣಿವೆಗಳಲ್ಲಿ ದಿಢೀರ್ ಪ್ರವಾಹ ನುಗ್ಗುವ ಅಲ್ಲಿನ ಮಳೆಗಾಲ ಮುಗಿದಿತ್ತು. ದಕ್ಷಿಣ ಯೂಟಾದ ಕನಬ್ ಸುತ್ತ ಐದು ದಿನ, ದಿನಕ್ಕೊಂದು ಕಣಿವೆ. ಕುದುರೆಗಳನ್ನು ಟ್ರೇಲರ್‌ನಲ್ಲಿ ತರುತ್ತಾರೆ, ರಾತ್ರಿ ಲಾಡ್ಜಿನಲ್ಲಿ ಮಲಗುವುದು. ಊಟ ವಸತಿ ಸೇರಿ 2,000 ಡಾಲರಿಗೂ ಹೆಚ್ಚು ಕೊಟ್ಟಿದ್ದೆ. ಮಧ್ಯದಲ್ಲಿ ಬಿಟ್ಟರೆ ಹಣ ವಾಪಸಿಲ್ಲ ಎಂಬ ಸಾಲಿನ ಕೆಳಗೆ, ಓದದೆಯೇ, ನನ್ನ ಸಹಿ ಇತ್ತು.

ಸುಳ್ಳು ಬರೆದದ್ದು ನನಗೆ ಮುಳುವಾಯಿತು ಎಂದುಕೊಳ್ಳಬೇಡಿ. ಎಡಗಡೆಯಿಂದ ಹತ್ತಬೇಕಾದ ಕುದುರೆಯ ಬಲಗಡೆಗೆ ಹೋಗಿ ನಿಂತಾಗಲೇ ಅವರಿಗೆ ನನ್ನ ಮಟ್ಟ ಗೊತ್ತಾಗಿತ್ತು. ವಯಸ್ಸಾದ, ಸಾಧು ಸ್ವಭಾವದ ಕಂದು ಕುದುರೆಯನ್ನು ಕೊಟ್ಟರು. ನನ್ನನ್ನು ಕೆಡವಿದ್ದು ರಿಕಾಪು.

ರಿಕಾಪು, ಅಂದರೆ ಜೀನಿನಿಂದ ಇಳಿಬಿದ್ದಿರುವ, ನಾವು ಪಾದ ಇಡುವ ಚೌಕಟ್ಟು. ಅದನ್ನು ತೂಗುಹಾಕಿರುವ ಚರ್ಮದ ಪಟ್ಟಿಯಲ್ಲಿ ಸಾಲಾಗಿ ತೂತುಗಳಿರುತ್ತವೆ, ನಮ್ಮ ಸೊಂಟದ ಬೆಲ್ಟಿನ ಹಾಗೆ. ನನಗಿಂತ ಮೊದಲು ಆ ಜೀನಿನ ಮೇಲೆ ಕೂತವರು ಗಿಡ್ಡ ಇದ್ದಿರಬೇಕು. ನಾನು ಆರಡಿ ಆಸಾಮಿ, ಮಂಡಿ ಹೊಟ್ಟೆಯ ಕಡೆ ಮಡಿಸಿಕೊಂಡಂತಾಗಿತ್ತು. ಮಾರ್ಗದರ್ಶಿ ಬಂದು ‘ಉದ್ದ ಸರಿಯಿದೆಯೇ?’ ಎಂದು ಕೇಳಿದ. ಏಳು ಜನ ಆಗಲೇ ಹತ್ತಿ ಕಾಯುತ್ತಿದ್ದರು. ‘ಮಧ್ಯಮ ಅನುಭವ’ದವನು ಇದನ್ನೆಲ್ಲ ತಾನೇ ನೋಡಿಕೊಂಡಿರಬೇಕಲ್ಲವೇ? ‘ಸರಿಯಿದೆ’ ಎಂದೆ.

ಮೊದಲ ದಿನ ಒಣ ಹಳ್ಳದ ಮರಳಿನಲ್ಲಿ ಸಮತಟ್ಟು ದಾರಿ, ಏನೂ ಗೊತ್ತಾಗಲಿಲ್ಲ. ತೊಡೆಯ ಒಳಭಾಗ ಜೀನ್ಸ್ ಹೊಲಿಗೆಗೆ ಉಜ್ಜಿ ಕೆಂಪಾಯಿತು, ಅಷ್ಟೆ. ಎರಡನೆಯ ದಿನ ಮೂರು ಗಂಟೆ ಇಳಿಜಾರು. ಇಳಿಯುವಾಗ ಕುದುರೆಯ ಪ್ರತಿ ಹೆಜ್ಜೆಯೂ ನಿಮ್ಮನ್ನು ಮುಂದಕ್ಕೆ ತಳ್ಳುತ್ತದೆ, ನೀವು ರಿಕಾಪನ್ನು ಒತ್ತಿ ತಡೆಯುತ್ತೀರಿ. ಕಾಲು ಉದ್ದಕ್ಕಿದ್ದರೆ ಆ ಭಾರ ಹಿಮ್ಮಡಿಗೆ ಇಳಿಯುತ್ತದೆ. ಮಡಿಸಿದ್ದರೆ ಮಂಡಿಯಲ್ಲೇ ಉಳಿಯುತ್ತದೆ. ಸಾಲದ್ದಕ್ಕೆ, ಆ ಕಡೆಯ ಜೀನುಗಳಲ್ಲಿ ಪಟ್ಟಿಗೆ ಅಗಲವಾದ ದಪ್ಪ ಚರ್ಮವಿರುತ್ತದೆ. ಅದು ಕಾಲನ್ನು ಒಂದೇ ಕಡೆ ತಿರುಚಿ ಹಿಡಿಯುತ್ತದೆ. ಅಲ್ಲಿನ ಬೋಳು ಬಂಡೆಯನ್ನು ‘ಸ್ಲಿಕ್‌ರಾಕ್’ ಎನ್ನುತ್ತಾರೆ. ಬರಿಗಾಲಿಗೆ, ಬೂಟಿಗೆ ಅದು ಚೆನ್ನಾಗಿಯೇ ಹಿಡಿತ ಕೊಡುತ್ತದೆ. ಕಬ್ಬಿಣದ ಲಾಳ ಕಟ್ಟಿದ ಕುದುರೆಗಳು ಜಾರುತ್ತಿದ್ದುದರಿಂದ ಆ ಹೆಸರು ಬಂತಂತೆ. ಲಾಳ ಬಂಡೆಯ ಮೇಲೆ ಕಿರ್ರೆಂದಾಗಲೆಲ್ಲ ನಾನು ಹೆದರಿ ಇನ್ನೂ ಬಿಗಿಯಾಗಿ ಒತ್ತುತ್ತಿದ್ದೆ.

ಊಟಕ್ಕೆ ನಿಲ್ಲಿಸಿದಾಗ ಎಡಗಾಲು ನೆಟ್ಟಗಾಗಲಿಲ್ಲ. ಬಲಗಾಲು ಆಚೆ ಹಾಕಿ ಇಳಿಯಲು ಹೋದವನು ಜೀನಿನ ಮುಂದೆ ಹಿಡಿಯ ಹಾಗೆ ಎದ್ದಿರುವ ಕೊಂಬನ್ನು ತಬ್ಬಿಕೊಂಡು ಜೋತಾಡಿದೆ. ಮಾರ್ಗದರ್ಶಿ ಸೊಂಟ ಹಿಡಿದು ಇಳಿಸಿ ಮರಳಿನ ಮೇಲೆ ಕೂರಿಸಿದ. ಆಮೇಲೆ ಕುದುರೆಯ ಹತ್ತಿರ ಹೋಗಿ ಮಾತಿಲ್ಲದೆ ಪಟ್ಟಿ ಬಿಚ್ಚಿ, ಎರಡೂ ಕಡೆ ಎರಡೆರಡು ತೂತು ಕೆಳಗಿಳಿಸಿದ. ಅರ್ಧ ನಿಮಿಷದ ಕೆಲಸ.

ಉಳಿದ ಮೂರು ದಿನ ಲಾಡ್ಜಿನ ಜಗಲಿಯಲ್ಲಿ ಮಂಡಿಗೆ ಐಸ್ ಕಟ್ಟಿಕೊಂಡು ಕೂತಿದ್ದೆ. ಮಿಕ್ಕವರು ಬ್ರೈಸ್ ಕಣಿವೆಗೆ ಹೋಗಿ ಬಂದರು. ಕುದುರೆ ಕಂಡರೆ ಕಾಲುನೋವು ಎಂಬ ಗಾದೆಯಿದೆಯಲ್ಲ, ನನಗೆ ಮಾತ್ರ ಹತ್ತಿದ ಮೇಲೆ ಬಂತು.

ಅಳತೆ ಹೀಗೆ: ಹತ್ತುವ ಮೊದಲು ಬೆರಳ ತುದಿಯನ್ನು ಜೀನಿಗೆ ತಾಗಿಸಿ ರಿಕಾಪನ್ನು ತೋಳಿನುದ್ದಕ್ಕೂ ಎಳೆಯಿರಿ, ಅದು ಕಂಕುಳ ಹತ್ತಿರ ಬರಬೇಕು. ಹತ್ತಿದ ಮೇಲೆ ಪಾದ ತೆಗೆದು ಕಾಲು ಇಳಿಬಿಡಿ, ರಿಕಾಪಿನ ತಳ ಕಣಕಾಲಿನ ಮೂಳೆಗೆ ತಾಗಬೇಕು. ರಿಕಾಪಿನಲ್ಲಿ ಪಾದವಿಟ್ಟು ಎದ್ದು ನಿಂತರೆ ಜೀನಿಗೂ ನಿಮಗೂ ನಡುವೆ ಒಂದು ಮುಷ್ಟಿ ಜಾಗ. ಕುದುರೆ ಅರ್ಧ ಗಂಟೆ ನಡೆದ ಮೇಲೆ ಮತ್ತೊಮ್ಮೆ ನೋಡಿಸಿ. ಹಿಂದಿನವರು ಕಾದರೆ ಕಾಯಲಿ.

ಯಾವ ಕಣಿವೆ ಸುಂದರ ಎಂದು ಕೇಳಿದ್ದೀರಿ. ಹೊಸಬರಿಗೆ ಆ ಪ್ರಶ್ನೆಯೇ ಅಪ್ರಸ್ತುತ, ಏಕೆಂದರೆ ಮೊದಲ ದಿನವೆಲ್ಲ ನೀವು ನೋಡುವುದು ಕುದುರೆಯ ಎರಡು ಕಿವಿಗಳನ್ನು. ಗ್ರ್ಯಾಂಡ್ ಕ್ಯಾನ್ಯನ್‌ನ ಹೇಸರಗತ್ತೆ ಸವಾರಿಯನ್ನಂತೂ ಈಗಲೇ ಮರೆತುಬಿಡಿ: ದಕ್ಷಿಣದ ಅಂಚಿನಿಂದ ತಳದ ಫ್ಯಾಂಟಮ್ ರಾಂಚ್ ವಸತಿಗೃಹಕ್ಕೆ 1,300 ಮೀಟರಿಗೂ ಹೆಚ್ಚು ಇಳಿತ. ಐದು ದಿನದ ಪ್ಯಾಕೇಜೂ ಬೇಡ. ಹತ್ತು ಪಾಠ ಕಲಿತು, ನಂತರ ಅರಿಜೋನಾದ ಚಿನ್ಲಿಗೆ ಹೋಗಿ. ಅಲ್ಲಿನ ಕಣಿವೆಯ ಹೆಸರನ್ನು ‘ಡಿ ಚೆಲ್ಲಿ’ ಎಂದು ಬರೆದು ‘ಡು ಶೇ’ ಎನ್ನುತ್ತಾರೆ. ಅಮೆರಿಕದ ಮೂಲನಿವಾಸಿಗಳಾದ ನವಾಹೋ ಜನರ ನೆಲ. ತಳಕ್ಕೆ ಹೋಗಲು ಅವರ ಮಾರ್ಗದರ್ಶಿ ಜೊತೆಗಿರಬೇಕು.

ಎರಡು ವರ್ಷ ಬಿಟ್ಟು ನಾನು ಅಲ್ಲಿ ಮೂರು ಗಂಟೆ ಸವಾರಿ ಮಾಡಿದೆ. ಕಣಿವೆಯ ಬಾಯಿಯಲ್ಲಿ ಗೋಡೆ ಹತ್ತು ಮೀಟರಿನಷ್ಟು ಮಾತ್ರ. ಇಳಿಯುವ ಗೋಜಿಲ್ಲ, ನೀವು ಮರಳಿನಲ್ಲಿ ಮುಂದೆ ಹೋದಂತೆ ಗೋಡೆಯೇ ಬೆಳೆಯುತ್ತಾ ಹೋಗುತ್ತದೆ; ತುಂಬ ಒಳಗೆ 300 ಮೀಟರ್ ಮುಟ್ಟುತ್ತದಂತೆ. ಬಂಡೆಯ ಪೊಟರೆಗಳಲ್ಲಿ ಪ್ರಾಚೀನ ಪುಯೆಬ್ಲೊ ಜನರ ಮನೆಗಳ ಅವಶೇಷ, ಕೆಳಗೆ ಈಗಲೂ ಮೆಕ್ಕೆಜೋಳ ಬೆಳೆಯುವ ಹೊಲಗಳು. ನಮ್ಮನ್ನು ಕರೆದೊಯ್ದ ಹೆಂಗಸು ಪೀಚ್ ಮರಗಳನ್ನು ತೋರಿಸಿ, 1864ರಲ್ಲಿ ಅಮೆರಿಕದ ಸೇನೆ ತಮ್ಮವರ ತೋಟಗಳನ್ನು ಕಡಿದುಹಾಕಿದ್ದನ್ನು ಹೇಳಿದರು, ಹೋದ ವರ್ಷದ ಸುದ್ದಿ ಹೇಳುವ ದನಿಯಲ್ಲಿ. ಅದಕ್ಕೂ ಮುಂಚೆ ಅವರಿಂದ ನನ್ನ ರಿಕಾಪಿನ ಉದ್ದವನ್ನು ಮೂರು ಸಲ ಬದಲಾಯಿಸಿಕೊಂಡಿದ್ದೆ.

ಬೇಸಿಗೆಯಲ್ಲಿ ಹೋದರೆ ಗಡಿಯಾರ ನೋಡಿಕೊಳ್ಳಿ. ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವ ‘ಬೇಸಿಗೆ ಸಮಯ’ವನ್ನು ಅರಿಜೋನಾ ಪಾಲಿಸುವುದಿಲ್ಲ, ನವಾಹೋ ನಾಡು ಪಾಲಿಸುತ್ತದೆ; ಫೀನಿಕ್ಸ್‌ನಿಂದ ಹೋದರೆ ಒಂದು ಗಂಟೆ ತಡವಾಗಿರುತ್ತೀರಿ. ಕ್ಯಾಮೆರಾ ಯಾವುದು ಒಯ್ಯಲಿ ಎಂದೂ ಕೇಳಿದ್ದೀರಿ: ಫೋನು ಸಾಕು, ಜೇಬಿಗೆ ಜಿಪ್ ಇರಲಿ.