ದೇವರ ಸನ್ನಿಧಿಗೆಂದೇ ಒಂದಿಷ್ಟು ಹೊತ್ತು

ಪ್ರಶ್ನೆ: ನಸುಕಿನಿಂದಲೇ ಖಣದ ಮಗ್ಗಕ್ಕೆ ಕೂರುವ ನನಗೆ ಭಾನುವಾರದ ಆರಾಧನೆ ಬಿಟ್ಟರೆ ದೇವರೊಂದಿಗೆ ಏಕಾಂತ ಸಿಗುವುದಿಲ್ಲ. ಕೆಲಸದ ನಡುವಿನ ಪ್ರಾರ್ಥನೆ ಸಾಲದೇ?
– ಓದುಗರೊಬ್ಬರು, ಗುಳೇದಗುಡ್ಡ

ಉತ್ತರ: ಲಾಳಿ ಓಡುವಾಗ ನೀವು ಮಾಡುವ ಪ್ರಾರ್ಥನೆಯನ್ನೂ ದೇವರು ಕೇಳುತ್ತಾರೆ, ಅದನ್ನು ಬಿಡಬೇಡಿ. ಆದರೆ ರೋಗಿಗಳು ಬಾಗಿಲಿಗೇ ಬಂದು ಸೇರುತ್ತಿದ್ದ ಕಪೆರ್ನೌಮ್ ಎಂಬ ಊರಿನಲ್ಲಿಯೂ ಯೇಸುಸ್ವಾಮಿ ಇನ್ನೂ ಕತ್ತಲಿರುವಾಗಲೇ ಎದ್ದು, ನಿರ್ಜನ ಸ್ಥಳಕ್ಕೆ ಹೋಗಿ ಪ್ರಾರ್ಥಿಸಿದರೆಂದು ಮಾರ್ಕನ ಸುವಾರ್ತೆ (1:35) ತಿಳಿಸುತ್ತದೆ. ನೀವೂ ಮಗ್ಗಕ್ಕೆ ಕೂರುವ ಮುನ್ನ ಮೊಬೈಲ್ ದೂರವಿಟ್ಟು, ಬೈಬಲಿನ 23ನೇ ಕೀರ್ತನೆಯಂಥ ಒಂದನ್ನು ನಿಧಾನವಾಗಿ ಓದಿ, ಮನಸ್ಸಿಗೆ ತಟ್ಟಿದ ಸಾಲನ್ನೇ ಹಿಡಿದು ಪ್ರಾರ್ಥಿಸಿ, ಆಮೇಲೆ ಏನನ್ನೂ ಬೇಡದೆ ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿರಿ. ಈ ಮೌನವೇ ಎಲ್ಲಕ್ಕಿಂತ ಕಷ್ಟವೆಂದು ನನ್ನ ಭಾವನೆ. ನೂಲಿನ ಬಾಕಿಯೋ ಮಕ್ಕಳ ಶುಲ್ಕವೋ ನೆನಪಾದರೆ ಅದನ್ನೇ ದೇವರಿಗೆ ಹೇಳಿಕೊಳ್ಳಿ. ಮೊದಮೊದಲು ಹತ್ತು ನಿಮಿಷ ಸಾಕು.